ಬಾನೆಟ್ಟಿನ ಮೇಲೆ ಬರೆದ ಕಿವಿ

ಆ ಸದ್ದು ನಾನು ಮಾಡಿದ್ದಲ್ಲ.

ತಪ್ಪು ಒಪ್ಪಿಕೊಳ್ಳಲು ಕುಳಿತವರೆಲ್ಲ ‘ಅದು ನಾನೇ ಮಾಡಿದ್ದು’ ಎಂದು ಶುರು ಮಾಡುತ್ತಾರೆ. ನನ್ನ ಹಣೆಬರಹ ನೋಡಿ—ನಾನು ‘ಅದು ನಾನಲ್ಲ’ ಎಂದು ಶುರು ಮಾಡಬೇಕಾಗಿದೆ. ಲಾರಿಯ ಎಂಜಿನ್ನಿನ ಹೊಟ್ಟೆಯಿಂದ ಬಂದ ಸದ್ದನ್ನು ನನ್ನ ಬಾಯಿಂದ ಬಂದದ್ದು ಎಂದು ಒಪ್ಪಿಕೊಂಡೆ. ಸುಳ್ಳು ಒಪ್ಪಿಗೆ. ಆ ಒಪ್ಪಿಗೆಯಿಂದ ನನ್ನ ಗೆಳೆಯ ಆಂಜಿನಪ್ಪನ ಕಸುಬು ಹೋಯಿತು. ವಿಷಯ ಇಷ್ಟೇ. ಇಷ್ಟನ್ನು ಹೇಳುವುದಕ್ಕೆ ವರ್ಷಗಟ್ಟಲೆ ಬೇಕಾಯಿತು—ಅದೂ ಒಂದು ಮಾತು ಕೇಳಿದರೆ ಹತ್ತು ಮಾತು ಆಡುವ ನನ್ನಂಥವನಿಗೆ.

ಹೆಸರು ಪುಟ್ಟಸ್ವಾಮಿ, ಊರು ಯಲಹಂಕ. ಆದರೆ ನಮ್ಮ ಊರಿನಲ್ಲಿ ಈ ಹೆಸರು ಹೇಳಿ ವಿಚಾರಿಸಿದರೆ ಯಾರೂ ಮನೆ ತೋರಿಸುವುದಿಲ್ಲ. ‘ಅಣಕದ ಪುಟ್ಟ’ ಎನ್ನಿ, ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ತೋರಿಸುತ್ತಾರೆ. ತೋರಿಸಿ, “ಯಾಕೆ ಸ್ವಾಮಿ, ನಿಮ್ಮನ್ನೂ ಆಡ್ಕೊಂಡ್ನಾ?” ಎಂದು ಕೇಳುತ್ತಾರೆ. ಸ್ಟೇಷನ್ ಮಾಸ್ತರರು ಕೆಮ್ಮುವ ರೀತಿ, ಶ್ಯಾನುಭೋಗರು ಮಾತಿನ ನಡುವೆ ಮೂಗು ಸೇದುವ ರೀತಿ, ನಮ್ಮ ಅಜ್ಜಿ ಎಲೆ ಅಡಿಕೆ ಕುಟ್ಟುತ್ತಾ ಸೊಸೆಯನ್ನು ಬೈಯುವ ತಾಳ—ಎಲ್ಲ ನನ್ನ ಗಂಟಲಲ್ಲಿ ಸಂಸಾರ ಹೂಡಿದ್ದವು. ಅಪ್ಪ ಹೊಡೆದಾಗ ನಾನು ಹೇಗೆ ಅಳುತ್ತೇನೆ ಎಂದು ನಾನೇ ಕಿವಿಗೊಟ್ಟು ಕೇಳಿಕೊಂಡು, ಮಾರನೆಯ ದಿನ ಗೆಳೆಯರ ಮುಂದೆ ಅದನ್ನೂ ಮಾಡಿ ತೋರಿಸುತ್ತಿದ್ದೆ. ಎಲ್ಲರ ದನಿಯೂ ಬರುತ್ತಿತ್ತು. ನನ್ನದು ಯಾವುದು ಎಂದು ಯಾರಾದರೂ ಕೇಳಿದ್ದರೆ—ಯಾರೂ ಕೇಳಲಿಲ್ಲ ಅನ್ನಿ.

ಹೈಸ್ಕೂಲಿನಲ್ಲಿ ಡುಮ್ಕಿ ಹೊಡೆದ ಮೇಲೆ ಅಪ್ಪ, “ಬಾಯಿ ಕೆಲ್ಸ ಸಾಕು, ಕೈ ಕೆಲ್ಸ ಕಲಿ” ಎಂದು ಯಶವಂತಪುರದ ಆಚೆಗಿದ್ದ ತರಬೇತಿ ಶಾಲೆಗೆ ಸೇರಿಸಿದರು. ಶಾಲೆ ಎಂದರೆ ತಗಡಿನ ಶೆಡ್ಡುಗಳು. ಒಂದರಲ್ಲಿ ಬೆಸುಗೆ, ಒಂದರಲ್ಲಿ ಮರಗೆಲಸ, ಕೊನೆಯದರಲ್ಲಿ ನಾವು—ಮೋಟಾರು ರಿಪೇರಿಯವರು. ಅರವತ್ತರ ಇಸವಿಯ ಆಸುಪಾಸು. ಜಾಲಹಳ್ಳಿಯ ಕಡೆ ದೊಡ್ಡ ದೊಡ್ಡ ಕಾರ್ಖಾನೆಗಳು ಎದ್ದಿದ್ದವು. ಕೈಯಲ್ಲಿ ಸ್ಪ್ಯಾನರ್ ಹಿಡಿದವನಿಗೆ ಹೆಣ್ಣು ಕೊಡುವವರು ಮನೆ ಬಾಗಿಲಿಗೆ ಬರುತ್ತಾರೆಂದು ನಮ್ಮ ಅಪ್ಪ ನಂಬಿದ್ದ ಕಾಲ.

ನಮ್ಮ ಮೇಷ್ಟ್ರು ದೊರೆಸ್ವಾಮಿ. ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದ್ದವರು. ಅವರ ಕನ್ನಡದಲ್ಲಿ ತಮಿಳು ಎಷ್ಟಿತ್ತೋ ಅಷ್ಟೇ ಗ್ರೀಸೂ ಇತ್ತು. ಪುಸ್ತಕ ಮುಟ್ಟಿಸಿದ್ದು ಕಡಿಮೆ. “ಅಡೇ ಪುಟ್ಟಾ, ಬಾಯಿ ಮುಚ್ಚು. ಎಂಜಿನ್ ಮಾತಾಡ್ತಾ ಇದೆ, ಕೇಳು”—ಇದು ಅವರ ಪಾಠ.

ಅವರು ನಮ್ಮ ಶೆಡ್ಡಿಗೆ ಒಂದು ಪದ್ಧತಿ ತಂದಿದ್ದರು. ಎಂಜಿನ್ ಜೋಡಿಸಿದವರು ಎಷ್ಟು ಜನವಾದರೂ ಇರಲಿ, ಹೊರಗೆ ಬಿಡುವ ಮುಂಚೆ ಒಬ್ಬನು ‘ಕಿವಿ ಕೊಡಬೇಕು’. ಓಡುತ್ತಿರುವ ಎಂಜಿನ್ನಿನ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಅದರ ಮರದ ಹಿಡಿಯನ್ನು ಕಿವಿಗೆ ಆನಿಸಿಕೊಂಡರೆ ಒಳಗಿನ ಒಂದೊಂದು ಸದ್ದೂ ಬೇರೆಬೇರೆಯಾಗಿ ಕೇಳುತ್ತದೆ—ಡಾಕ್ಟರು ಎದೆಗೆ ನಳಿಗೆ ಇಟ್ಟ ಹಾಗೆ. ಕೇಳಿ ಎಲ್ಲ ಸರಿಯಿದೆ ಅನ್ನಿಸಿದರೆ ಅವನು ಬಾನೆಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಕಿವಿ ಬರೆದು, ಅದರೊಳಗೆ ತನ್ನ ಹೆಸರಿನ ಮೊದಲಕ್ಷರ ಹಾಕುತ್ತಿದ್ದ. ಆಮೇಲೆ ಆ ಗಾಡಿಗೆ ಏನೇ ಆದರೂ ಹೊಣೆ ಅವನದು. ಜೋಡಿಸಿದವರದ್ದಲ್ಲ, ಕಿವಿ ಬರೆದವನದು.

ಆ ಕಿವಿ ಬರೆಯುವ ಅಧಿಕಾರ ಹೆಚ್ಚುಕಡಿಮೆ ಆಂಜಿನಪ್ಪನಿಗೇ ಸೇರಿಹೋಗಿತ್ತು. ಶೆಟ್ಟಿಹಳ್ಳಿಯವನು, ನನ್ನ ಓರಗೆಯವನು. ಮಾತು ಕಮ್ಮಿ. ಶೆಡ್ಡಿನ ಹಿಂದೆ ಸೈಕಲ್ಲು ಬಂದರೆ ಚೈನಿನ ಸದ್ದಿನಲ್ಲೇ, “ಮರಗೆಲಸದ ಮೇಷ್ಟ್ರು ಬಂದ್ರು” ಅನ್ನುತ್ತಿದ್ದ. ಎಂಜಿನ್ನಿನ ಮುಂದೆ ನಿಂತು ಕಣ್ಣು ಮುಚ್ಚಿದರೆ ದೇವರ ಮುಂದೆ ನಿಂತ ಹಾಗೆ. ನಾನು ಅವನನ್ನು ಎಂಜಿನಪ್ಪ ಎಂದು ಕರೆಯುತ್ತಿದ್ದೆ. ಶೆಡ್ಡಿನಲ್ಲಿ ಅದೇ ಉಳಿಯಿತು. ನಾನು ಇಟ್ಟ ಹೆಸರುಗಳು ಉಳಿಯುತ್ತವೆ—ಅದೊಂದು ಶಾಪ, ಮುಂದೆ ಹೇಳುತ್ತೇನೆ.

ನನ್ನ ಗಂಟಲಿಗೆ ಮನುಷ್ಯರು ಸಾಲದೆ ಯಂತ್ರಗಳು ಸಿಕ್ಕಿದ್ದು ಅಲ್ಲಿಯೇ. ಬೆಲ್ಟು ಸಡಿಲವಾದರೆ ಹೇಗೆ ಕೂಗುತ್ತದೆ, ಪ್ಲಗ್ಗು ಸತ್ತರೆ ಎಂಜಿನ್ ಹೇಗೆ ಕುಂಟುತ್ತದೆ—ಒಂದೊಂದೇ ಕಲಿತೆ. ನನ್ನ ಪಟ್ಟದ ಆನೆ ಎಂದರೆ ಬೇರಿಂಗಿನ ಬಡಿತ. ಎಂಜಿನ್ನಿನ ತಳದಲ್ಲಿ, ಪಿಸ್ಟನ್ನನ್ನು ಹಿಡಿದಿರುವ ರಾಡಿನ ಬೇರಿಂಗು ಸಡಿಲವಾದರೆ ಯಾರೋ ಹೊಟ್ಟೆಯೊಳಗೆ ಮುಷ್ಟಿಯಿಂದ ಗುದ್ದಿದ ಹಾಗೆ ಒಂದು ಸದ್ದು ಬರುತ್ತದೆ. ದಡ್, ದಡ್, ದಡ್. ತುಟಿ ಅಲ್ಲಾಡಿಸದೆ ಗಂಟಲಿನ ಬುಡದಿಂದ ಅದನ್ನು ತೆಗೆಯುತ್ತಿದ್ದೆ. ಒಮ್ಮೆ ಹಾಗೆ ಮಾಡಿ, ಪಾಪ ಒಬ್ಬ ಹುಡುಗ ಚೆನ್ನಾಗಿದ್ದ ಎಂಜಿನ್ನನ್ನು ಪೂರ್ತಿ ಬಿಚ್ಚುವಂತೆ ಮಾಡಿದ್ದೆ. ಮೇಷ್ಟ್ರೂ ಮೋಸ ಹೋಗಿದ್ದರು. ಗೊತ್ತಾದ ಮೇಲೆ ನನ್ನ ಕೈಯಲ್ಲೇ ಅದರ ಜೋಡಣೆ ಮಾಡಿಸಿದರು. ಬೈಯುತ್ತಿದ್ದರೋ ನಗುತ್ತಿದ್ದರೋ ಕೊನೆಯವರೆಗೂ ತಿಳಿಯಲಿಲ್ಲ.

ಮೋಸ ಹೋಗದವನು ಒಬ್ಬನೇ. ಆಂಜಿನಪ್ಪ ಕಣ್ಣು ಬಿಡದೆಯೇ, “ಪುಟ್ಟಾ, ಸಾಕು ಬಾರೋ” ಅನ್ನುತ್ತಿದ್ದ.

“ಎಂಗೋ ಗೊತ್ತಾಯ್ತು?” ಎಂದು ಅವನದೇ ದನಿಯಲ್ಲಿ ಕೇಳುತ್ತಿದ್ದೆ.

“ನೀನು ನಡುವೆ ಉಸ್ರು ತಗೋತೀಯ. ಕಬ್ಣ ಉಸ್ರು ತಗೊಳಲ್ಲ.”

ಅಷ್ಟೇ. ಆ ಮಾತು ನನ್ನೊಳಗೆ ಮುಳ್ಳಿನಂತೆ ಮುರಿದುಕೊಂಡು ಕುಳಿತುಬಿಟ್ಟಿತು. ಯಲಹಂಕದಿಂದ ಬರುವ ಬೆಳಗಿನ ರೈಲಿನಲ್ಲಿ ಉಸಿರು ಕಟ್ಟಿಕೊಂಡು ದಡ್ ದಡ್ ಅಭ್ಯಾಸ ಮಾಡುತ್ತಿದ್ದೆ. ಒಂದು ದಿನ ಮುಖವೆಲ್ಲ ಕೆಂಪಾಗಿ ಕಣ್ಣು ಮೇಲಾದಾಗ ಎದುರಿಗೆ ಕುಳಿತಿದ್ದ ಮುದುಕಿ, “ಅಯ್ಯೋ ಮೂರ್ಛೆ ರೋಗ ಕಣ್ರಪ್ಪಾ” ಎಂದು ಕಿರುಚಿ, ಸೊಂಟದ ಬೀಗದ ಕೈ ಗೊಂಚಲನ್ನು ನನ್ನ ಮುಷ್ಟಿಗೆ ತುರುಕಿದಳು. ಇಡೀ ಡಬ್ಬಿ ನಕ್ಕಿತು, ನಾನೂ ನಕ್ಕೆ. ಆದರೆ ಒಳಗೊಳಗೆ ನನಗೆ ಬೇಕಾಗಿದ್ದದ್ದು ಒಂದೇ—ಒಂದು ಸಲ, ಒಂದೇ ಒಂದು ಸಲ, ಆಂಜಿನಪ್ಪ ಕಣ್ಣು ಬಿಟ್ಟು ನನ್ನ ಕಡೆ ತಿರುಗಿ ‘ನೀನಾ?’ ಎಂದು ಕೇಳಬೇಕು.

ಕೇಳಿದ. ಅದನ್ನೇ ಹೇಳಹೊರಟಿದ್ದೇನೆ.

ಕೊನೆಯ ಪರೀಕ್ಷೆಗೆ ನಮ್ಮಿಬ್ಬರಿಗೆ ಸೇರಿ ಒಂದು ಲಾರಿ ಎಂಜಿನ್ ಕೊಟ್ಟಿದ್ದರು. ಯುದ್ಧ ಕಂಡಿದ್ದ ಹಳೆಯ ಗಾಡಿ. ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಾಯಿಸಿ, ಜೋಡಿಸಬೇಕು. ಹೊರಗಿನಿಂದ ಬಂದ ಪರೀಕ್ಷಕರು ಅದರಲ್ಲೇ ಕುಳಿತು ಹೆಬ್ಬಾಳದವರೆಗೆ ಹೋಗಿ ಬರುತ್ತಾರೆ. ಗಾಡಿ ಚೆನ್ನಾಗಿ ಹೋಗಿ ಬಂದರೆ ಆಂಜಿನಪ್ಪನನ್ನು ಒಂದು ಕಾರ್ಖಾನೆಯ ವರ್ಕ್‌ಶಾಪಿಗೆ ಸೇರಿಸುವ ಮಾತನ್ನು ಮೇಷ್ಟ್ರು ಮೊದಲೇ ಆಡಿಟ್ಟಿದ್ದರು. ನನ್ನ ಬಗ್ಗೆ ಯಾರ ಹತ್ತಿರವೂ ಏನೂ ಆಡಿರಲಿಲ್ಲ. ನ್ಯಾಯವೇ ಅನ್ನಿ—ನನ್ನ ಬಗ್ಗೆ ಆಡಲು ನಾನೊಬ್ಬನೇ ಸಾಕಾಗಿದ್ದೆ.

ಹಿಂದಿನ ದಿನ ರಾಡುಗಳ ಬೇರಿಂಗು ಕೂರಿಸುವ ಕೆಲಸ. ಮುಂದಿನ ಮೂರು ಸಿಲಿಂಡರು ನನಗೆ, ಹಿಂದಿನ ಮೂರು ಅವನಿಗೆ. ಬೇರಿಂಗಿನ ನಟ್ಟನ್ನು ಬಿಗಿದ ಮೇಲೆ ಅದು ಅಲ್ಲಾಡಿ ಸಡಿಲವಾಗದಂತೆ ಸಣ್ಣದೊಂದು ಸ್ಪ್ಲಿಟ್ ಪಿನ್ನು ತೂರಿಸಿ, ಅದರ ಎರಡು ಕಾಲನ್ನೂ ಮಡಿಸಬೇಕು. ನಾವು ಆ ಪಿನ್ನುಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು ಒಂದೊಂದೇ ತೆಗೆದು ಹಾಕುತ್ತಿದ್ದೆವು—ದರ್ಜಿಯವರು ಗುಂಡುಪಿನ್ನು ಕಚ್ಚಿಕೊಂಡ ಹಾಗೆ. ಬಾಯಲ್ಲಿ ಪಿನ್ನಿದ್ದರೆ ಮಾತಾಡುವುದು ಹೇಗೆ? ಆ ಹೊತ್ತಿಗೆ ಸರಿಯಾಗಿ ಬೆಸುಗೆ ವಿಭಾಗದ ಹುಡುಗರು ಬಂದು, “ಪುಟ್ಟಾ, ನಾಳೆ ಬರೋ ಪರೀಕ್ಷಕರು ಎಂಗಿರ್ತಾರೆ, ಒಸಿ ಮಾಡ್ಲಾ” ಎಂದರು. ನಾನು ಪಿನ್ನುಗಳನ್ನು ಉಗಿದು ಅಂಗೈಗೆ ಹಾಕಿಕೊಂಡೆ. ಕಂಡೇ ಇರದ ಪರೀಕ್ಷಕರನ್ನು ಮಾಡಿ ತೋರಿಸಿದೆ. ಮೂಗಿಗೆ ಕರ್ಚೀಫು, ಎರಡು ಬೆರಳಲ್ಲಿ ಸ್ಪ್ಯಾನರು. ಹುಡುಗರು ನೆಲಕ್ಕೆ ಬಿದ್ದು ನಕ್ಕರು. ಆಂಜಿನಪ್ಪ ಕೂಡ ಗಾಡಿಯ ಅಡಿಯಿಂದ, “ಅವ್ರು ನಾಳೆ ಬರ್ತಾರೆ, ನೀನಿವತ್ತು ಕೆಲ್ಸ ಮುಗ್ಸೋ ಮಾರಾಯ” ಎಂದು ನಕ್ಕ.

ಆಮೇಲೆ ನಾನು ಮತ್ತೆ ಗಾಡಿಯ ಅಡಿಗೆ ಹೋದೆ. ಉಳಿದ ಪಿನ್ನುಗಳನ್ನು ಹಾಕಿದೆ. ಎಲ್ಲವನ್ನೂ ಹಾಕಿದೆನೋ—ಹಾಕಿದ್ದೇನೆ ಅನ್ನಿಸುತ್ತದೆ. ಕಾಲು ಮಡಿಸಿದ ನೆನಪು ಬೆರಳಿಗಿದೆ. ಆದರೆ ಯಾವ ನಟ್ಟಿನದು ಎಂದು ಬೆರಳು ಹೇಳುವುದಿಲ್ಲ. ಎಷ್ಟು ಸಲ ಕಣ್ಣು ಮುಚ್ಚಿ ಆ ಅಡಿಗೆ ಹೋಗಿ ಮಲಗಿದ್ದೇನೋ. ಒಂದೊಂದು ಸಲ ಪಿನ್ನು ಇರುತ್ತದೆ. ಒಂದೊಂದು ಸಲ ಅಲ್ಲಿ ತೂತು ಮಾತ್ರ ಇರುತ್ತದೆ.

ಮಾರನೆಯ ಬೆಳಿಗ್ಗೆ ಪರೀಕ್ಷಕರು ಮೇಷ್ಟ್ರ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಶೆಡ್ಡಿನಲ್ಲಿ ನಾವಿಬ್ಬರೇ. ನಾನು ಹ್ಯಾಂಡಲ್ ಹೊಡೆದೆ, ಗಾಡಿ ಸ್ಟಾರ್ಟಾಯಿತು. ಆಂಜಿನಪ್ಪ ಆ ಕಡೆ, ನಾನು ಈ ಕಡೆ, ನಡುವೆ ಬಾನೆಟ್ಟು ತೆರೆದ ಎಂಜಿನ್. ವೇಗ ಏರಿಸಿ ಇಳಿಸುವ ಕೀಲು ನನ್ನ ಬೆರಳಲ್ಲಿ. ಅವನು ಕಣ್ಣು ಮುಚ್ಚಿದ್ದ. ಸ್ಕ್ರೂಡ್ರೈವರ್ ಇನ್ನೂ ಅವನ ಪಕ್ಕದ ಮಡ್‌ಗಾರ್ಡಿನ ಮೇಲೇ ಇತ್ತು. ನಾನು ವೇಗ ಏರಿಸಿ, ಬಿಟ್ಟೆ.

ದಡ್, ದಡ್, ದಡ್.

ಆಂಜಿನಪ್ಪ ಕಣ್ಣು ಬಿಟ್ಟ. ಕೈ ತಾನಾಗಿ ಸ್ಕ್ರೂಡ್ರೈವರಿನ ಕಡೆ ಹೋಗಿ ಅದನ್ನು ಹಿಡಿದುಕೊಂಡಿತು. ಅದನ್ನು ಎಂಜಿನ್ನಿಗೆ ಒತ್ತಿದ್ದರೆ ಮುಗಿಯುತ್ತಿತ್ತು—ನನ್ನ ಬಾಯಿಯ ಸದ್ದು ಕಬ್ಬಿಣದೊಳಗೆ ಹಾದು ಬರುವುದಿಲ್ಲ. ಬೇರಿಂಗಿನ ಸದ್ದು ಬಂದೇ ಬರುತ್ತದೆ. ಒತ್ತುವ ಮೊದಲು ಅವನು ನನ್ನ ಮುಖ ನೋಡಿದ. ನಾನು ಯಾವಾಗಲೂ ಆಡುವ ಆಟ ಅವನಿಗೆ ನೆನಪಾಗಿರಬೇಕು.

“ನೀನಾ?” ಎಂದ.

ಅವನ ಮುಖದಲ್ಲಿ—ಹೇಗೆ ಹೇಳಲಿ—ಬೆರಗು ಇತ್ತು. “ಉಸ್ರೇ ತಗೊಳ್ಳಿಲ್ವಲ್ಲೋ!”

ನಾನು ಬಾಯೇ ತೆರೆದಿರಲಿಲ್ಲ. ಆ ಸದ್ದು ಎಂಜಿನ್ನಿನದು ಎಂದು ನನಗೆ ಗೊತ್ತಿತ್ತು. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಹಲ್ಲು ಕಿರಿದೆ.

“ಹೂಂ ಕಣೋ,” ಎಂದೆ. “ನಾನೇ.”

ಅವನು ನಕ್ಕುಬಿಟ್ಟ. “ಲೋ ಕಳ್ಳ ನನ್ಮಗನೇ, ಕೊನೆಗೂ ಗೆದ್ಬಿಟ್ಯಲ್ಲೋ” ಎಂದು ಸ್ಕ್ರೂಡ್ರೈವರನ್ನು ಮಡ್‌ಗಾರ್ಡಿನ ಮೇಲೇ ಇಟ್ಟ. “ಈಗ ಸುಮ್ಕಿರು, ಸರಿಯಾಗಿ ಕೇಳ್ತೀನಿ” ಎಂದು, ನಗುವಿನಲ್ಲಿ ಸ್ಕ್ರೂಡ್ರೈವರನ್ನು ಮರೆತು, ಬರಿಗಿವಿಯಲ್ಲೇ ಕೇಳಲು ಮತ್ತೆ ಕಣ್ಣು ಮುಚ್ಚಿದ.

ಯಾಕೆ ಹಾಗೆಂದೆ? ಇಷ್ಟು ಕಾಲದಿಂದ ಇದೊಂದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ಗೆದ್ದ ಹುಚ್ಚೇ? ಎಷ್ಟೋ ತಿಂಗಳು ಕಾದಿದ್ದ ಪ್ರಶ್ನೆ ಬೇಡದೆ ಬಂದು ಮಡಿಲಿಗೆ ಬಿದ್ದಿತ್ತು. ಅದನ್ನು ‘ನಂದಲ್ಲ’ ಎಂದು ವಾಪಸು ಕೊಡಲು ಮನಸ್ಸಾಗಲಿಲ್ಲ—ಹಾಗೆ ಇರಬಹುದು. ಅಥವಾ ಅಡಿ ಬಿಚ್ಚಿದರೆ ನನ್ನ ಕಡೆಯ ನಟ್ಟಿನಲ್ಲಿ ಪಿನ್ನಿಲ್ಲದ ತೂತು ಕಾಣುತ್ತದೆ ಎಂದು ಹೆದರಿದೆನೇ? ಹಾಗೂ ಇರಬಹುದು. ಒಂದು ದಿನ ಹೆಮ್ಮೆ ಎಂದು ತೀರ್ಮಾನಿಸುತ್ತೇನೆ, ಮಾರನೆಯ ದಿನ ಹೇಡಿತನ ಎನ್ನಿಸುತ್ತದೆ. ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದು ಎಂದು ಆರಿಸಿಕೊಳ್ಳುತ್ತಿದ್ದೇನೋ ಏನೋ—

ಒಂದು ಮಾತ್ರ ಗೊಂದಲವಿಲ್ಲದೆ ಗೊತ್ತಿದೆ. ಅವನು ಎರಡನೆಯ ಸಲ ಕೇಳುತ್ತಿದ್ದಾಗ ನಾನು ಕೀಲನ್ನು ಪೂರ್ತಿ ಬಿಡಲಿಲ್ಲ—ವೇಗ ಥಟ್ಟನೆ ಇಳಿದಾಗಲೇ ಆ ಬಡಿತ ಏಳುವುದು. ಸದ್ದು ಹುಟ್ಟದ ಒಂದು ಹದದಲ್ಲಿ ಬೆರಳನ್ನು ಅಲ್ಲಾಡದಂತೆ ಹಿಡಿದುಕೊಂಡೆ. ಬಾಯಿ ಜಾರಿತು ಎನ್ನಬಹುದು. ಬೆರಳು ಜಾರಲಿಲ್ಲ.

ಆಂಜಿನಪ್ಪ ಬಾನೆಟ್ಟು ಮುಚ್ಚಿ ಅದರ ಮೇಲೆ ಕಿವಿ ಬರೆದ. ದುಂಡಗೆ, ಮುದ್ದಾಗಿ. ಒಳಗೆ ‘ಆ’ ಎಂದು ಹಾಕಿದ.

ಮೇಷ್ಟ್ರು ಗಾಡಿ ನಡೆಸಿದರು, ಪಕ್ಕದಲ್ಲಿ ಪರೀಕ್ಷಕರು. ನಾವಿಬ್ಬರೂ ಹಿಂದೆ, ಹಲಗೆಯ ಮೇಲೆ. ಗಾಳಿಗೆ ಕೂದಲು ಹಾರುತ್ತಿತ್ತು. ಆಂಜಿನಪ್ಪ ಅಪರೂಪಕ್ಕೆ ಮಾತಾಡುತ್ತಿದ್ದ. ಮೊದಲ ಸಂಬಳದಲ್ಲಿ ಅವ್ವನಿಗೆ ಸೀರೆಯಲ್ಲ, ಮೂಗುಬೊಟ್ಟು ಕೊಡಿಸುತ್ತಾನಂತೆ. ನಾನು ‘ಹೂಂ, ಹೂಂ’ ಎನ್ನುತ್ತಿದ್ದೆ. ಏನೂ ಆಗದೇ ಇರಬಹುದು ಎಂದುಕೊಳ್ಳುತ್ತಿದ್ದೆ. ಹೆಬ್ಬಾಳದ ಕೆರೆ ದಾಟಿ ಏರು ಹತ್ತುವಾಗ ಗಾಡಿಯ ಹೊಟ್ಟೆ ಒಡೆದ ಹಾಗೆ ಒಂದು ಸದ್ದಾಯಿತು. ರಾಡು ಮುರಿದು ಎಂಜಿನ್ನಿನ ಪಕ್ಕೆ ತೂರಿಕೊಂಡು ಹೊರಗೆ ಬಂದಿತ್ತು. ಬಿಸಿ ಎಣ್ಣೆ ರಸ್ತೆಯ ಮೇಲೆ ಕಪ್ಪಗೆ ಹರಿಯಿತು. ಮುಂದಿನ ಮೂರರಲ್ಲಿ ಒಂದು. ನನ್ನ ಕಡೆಯದು.

ಮೇಷ್ಟ್ರು ಬಾಗಿ ನೋಡಿ, ಎದ್ದು, ಬಾನೆಟ್ಟಿನ ಮೇಲಿನ ಕಿವಿಯನ್ನು ನೋಡಿದರು. ಮಾತಾಡಿದವರು ಪರೀಕ್ಷಕರು.

“ಬೇರಿಂಗ್ ಸಡಿಲ ಇದ್ದಿದ್ದು ಹೊರಡೋಕೆ ಮುಂಚೆನೇ ಕೇಳಿಸ್ಬೇಕಿತ್ತು. ಯಾರು ಕೇಳಿದ್ದು? ನೀನಾ? ಕಿವಿ ಕೇಳ್ಸಲ್ವೇನಯ್ಯಾ ನಿಂಗೆ?”

ಆಂಜಿನಪ್ಪ ನನ್ನ ಕಡೆ ನೋಡಿದ. ಒಂದು ಗಳಿಗೆ. ಆಗ ನಾನು ಹೇಳಬಹುದಿತ್ತು—‘ಕೇಳಿಸ್ತು ಸಾರ್, ಅವನಿಗೆ ಕೇಳಿಸ್ತು, ನಾನು ಸುಳ್ಳು ಹೇಳ್ದೆ’. ಊರಿನವರ ದನಿಯೆಲ್ಲ ಬರುವ ಗಂಟಲಲ್ಲಿ ಅದೊಂದು ಬರಲಿಲ್ಲ.

“ಕೇಳಿಸ್ಲಿಲ್ಲ ಸಾರ್,” ಎಂದ ಆಂಜಿನಪ್ಪ.

ಎತ್ತುಗಳನ್ನು ಕಟ್ಟಿ ಗಾಡಿಯನ್ನು ಯಶವಂತಪುರದವರೆಗೆ ಎಳೆಸಿದರು. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಬಾನೆಟ್ಟಿನ ಮೇಲೆ ಆ ಕಿವಿ ಹಾಗೇ ಇತ್ತು. ಅಳಿಸಲು ಯಾರಿಗೂ ತೋಚಲಿಲ್ಲ. ಸಂಜೆ ಮನೆಯಲ್ಲಿ ಖಾಕಿ ನಿಕ್ಕರಿನ ಜೇಬಿಗೆ ಕೈ ಹಾಕಿದೆ. ಒಂದು ಸ್ಪ್ಲಿಟ್ ಪಿನ್ನು ಸಿಕ್ಕಿತು. ಹೆಚ್ಚುವರಿ ಪಿನ್ನೇ? ನಾವು ಯಾವಾಗಲೂ ಒಂದೆರಡು ಜಾಸ್ತಿ ಇಟ್ಟುಕೊಳ್ಳುತ್ತಿದ್ದೆವು. ಅಲ್ಲವೇ? ಗೊತ್ತಿಲ್ಲ.

ಕಿವಿ ಬರೆದವನು ಆಂಜಿನಪ್ಪ, ಆದ್ದರಿಂದ ಅವನು ಫೇಲು. ನಾನು ಪಾಸು. ಇಲ್ಲಿಗೇ ನಿಂತಿದ್ದರೆ ನಾನು ಇಷ್ಟು ಕೆಟ್ಟವನಲ್ಲ ಎಂದುಕೊಳ್ಳಬಹುದಿತ್ತೇನೋ. ಮುಂದಿನ ವಾರ ಶೆಡ್ಡಿನಲ್ಲಿ ಹುಡುಗರು ಗಂಟು ಮುಖ ಹಾಕಿಕೊಂಡು ಕುಳಿತಿದ್ದಾಗ, ಯಾರೋ “ಪುಟ್ಟಾ, ಏನಾದ್ರೂ ಮಾಡೋ” ಎಂದರು. ಪರೀಕ್ಷಕರನ್ನು ಈಗ ಕಂಡಿದ್ದೆನಲ್ಲ. ಕರ್ಚೀಫು ಹಿಡಿದು, “ಕಿವಿ ಕೇಳ್ಸಲ್ವೇನಯ್ಯಾ ನಿಂಗೆ?” ಎಂದೆ. ಅಚ್ಚೊತ್ತಿದ ಹಾಗೆ ಬಂತು. ನಗುವೋ ನಗು. ತಿರುಗಿ ನೋಡಿದರೆ ಆಂಜಿನಪ್ಪ ತನ್ನ ಟಿಫಿನ್ ಡಬ್ಬಿ ತೆಗೆದುಕೊಂಡು ಹೋಗಲು ಬಂದವನು ಬಾಗಿಲಲ್ಲಿ ನಿಂತಿದ್ದ. ಅವನೂ ಸ್ವಲ್ಪ ನಕ್ಕ. ಎಂಜಿನಪ್ಪ ಹೋಗಿ ಆವತ್ತಿನಿಂದ, ನನ್ನ ಬಾಯಿಂದಲೇ, ‘ಕಿವುಡಪ್ಪ’ ಆದ. ನಾನು ಇಟ್ಟ ಹೆಸರು ಉಳಿಯುತ್ತದೆ ಎಂದೆನಲ್ಲ.

ಯಶವಂತಪುರದ ಸ್ಟೇಷನ್ನಿನವರೆಗೂ ಅವನ ಹಿಂದೆ ಓಡಿದೆ. “ಮುಂದಿನ ಸಲ ಮತ್ತೆ ಕೂತ್ಕೊಳೋ ಪರೀಕ್ಷೆಗೆ. ಮೇಷ್ಟ್ರು ಬೇಡ ಅನ್ನಲ್ಲ” ಎಂದೆ.

“ಬ್ಯಾಡ ಕಣೋ.”

“ಯಾಕೋ?”

“ನೀನು ಆಟ ಆಡ್ದೆ ಅಂತ ಏಳಿದ್ರೆ ನಿನ್ನ ಅಲ್ಲೇ ಓಡಿಸ್ತಿದ್ರು, ಅದ್ಕೇ ಏಳ್ಲಿಲ್ಲ. ನಿನ್ ಮ್ಯಾಗೆ ಕೋಪ ಇಲ್ಲ.” ಅವನು ಹಳಿಗಳ ಕಡೆ ನೋಡುತ್ತಿದ್ದ. “ಆದ್ರೆ ನಿನ್ ಬಾಯಿ ಯಾವ್ದು, ಕಬ್ಣ ಯಾವ್ದು ಅಂತ ನನ್ ಕಿವಿಗೇ ಗೊತ್ತಾಗ್ಲಿಲ್ವಲ್ಲ. ನೀನು ಸುಮ್ಕಾದ ಮ್ಯಾಗೂ ಒಳಗಿನ ಸದ್ದು ಕೇಳ್ಲಿಲ್ಲ. ಅಂತ ಕಿವಿ ಕಟ್ಕೊಂಡು ನಾನು ಎಂಗೋ ಗಾಡಿ ಮುಟ್ಲಿ? ನಾಳೆ ಬಸ್ಸು ಬಂದ್ರೆ? ಅದ್ರಾಗೆ ಮಕ್ಳು ಮರಿ ಕೂತಿದ್ರೆ?”

ಅವನ ಕಿವಿ ತಪ್ಪಿರಲಿಲ್ಲ. ಮೊದಲ ಬಡಿತಕ್ಕೇ ಕಣ್ಣು ಬಿಟ್ಟಿದ್ದ. ಅದನ್ನು ಹೇಳಲು ನಾಲ್ಕು ಮಾತು ಸಾಕಿತ್ತು. ಯಲಹಂಕದ ರೈಲು ಬಂತು, ನಾನು ಹತ್ತಿದೆ.

ಈಗ ನನಗೆ ನಮ್ಮ ಊರಿನ ರಸ್ತೆ ಬದಿಯಲ್ಲಿ ಒಂದು ರಿಪೇರಿ ಶೆಡ್ಡಿದೆ. ಲಾರಿ, ಟ್ರ್ಯಾಕ್ಟರು, ತೋಟದ ಪಂಪುಸೆಟ್ಟು—ಎಲ್ಲಕ್ಕೂ ಪುಟ್ಟಸ್ವಾಮಿಯೇ. ಗಿರಾಕಿಗಳು ಬಂದಾಗ ಅಣಕ ಮಾಡಿ ನಗಿಸುತ್ತೇನೆ. ಬೇರಿಂಗಿನ ಬಡಿತವೊಂದನ್ನು ಬಿಟ್ಟು. ಹಳಬರು ಕೇಳುತ್ತಾರೆ, ಗಂಟಲು ಕೆಟ್ಟಿದೆ ಎನ್ನುತ್ತೇನೆ.

ಆಂಜಿನಪ್ಪ ಶೆಟ್ಟಿಹಳ್ಳಿಯಲ್ಲೇ ಇದ್ದಾನೆ. ಸೋದರಮಾವನ ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾನೆ. ಮೊನ್ನೆ ಆ ತೋಟದಿಂದ ಆಳು ಬಂದು, “ಪಂಪಿನ ಎಂಜಿನ್ನು ಕೆಟ್ಟೋಗದೆ, ಬರ್ಬೇಕಂತೆ” ಎಂದ. ಬೇರೆ ಯಾರನ್ನಾದರೂ ಕಳಿಸೋಣವೆಂದುಕೊಂಡು ಸೈಕಲ್ಲು ಹತ್ತಿದವನು ನಾನೇ.

ಅವನ ಹಣೆಯ ಮೇಲೆ ಕೂದಲು ಹಿಂದೆ ಸರಿದಿತ್ತು. “ಬಾರಪ್ಪ ಮೇಸ್ತ್ರಿ” ಎಂದ. ಬಾವಿಯ ಪಕ್ಕದಲ್ಲಿ ಸಣ್ಣ ಡೀಸೆಲ್ ಎಂಜಿನ್. ಅವನು ಹತ್ತಿರ ಬರಲಿಲ್ಲ. ದ್ರಾಕ್ಷಿಯ ಚಪ್ಪರದ ಕೆಳಗೆ ನಿಂತ.

“ಏನಾಗಿದೆ ಅಂತ ನಿಂಗೇನನ್ಸುತ್ತೆ?” ಎಂದೆ.

“ನಂಗೇನ್ ತಿಳೀತದೆ? ನೀನು ಕೇಳ್ನೋಡು.”

ಅಷ್ಟು ಸಲೀಸಾಗಿ ಅಂದ. ಹಳೆಯ ಗಾಯದ ಮೇಲೆ ಚರ್ಮ ಬೆಳೆದ ಹಾಗೆ. ನಾನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟೆ. ಇಷ್ಟು ಕಾಲ ಎಷ್ಟೆಲ್ಲ ಚೆಂದಾಗಿ ಜೋಡಿಸಿಟ್ಟಿದ್ದ ಮಾತುಗಳು! ಹೊರಬಂದದ್ದು ಮಾತ್ರ—

“ಅವತ್ತು ಸದ್ದು ಮಾಡಿದ್ದು ನಾನಲ್ಲ ಕಣೋ.”

ಯಾವತ್ತು ಎಂದು ಅವನು ಕೇಳಲಿಲ್ಲ. ನಕ್ಕ. “ಓಗ್ಲಿ ಬಿಡೋ. ನೀನು ಅಂತ ನಾನು ಯಾರ್ಗೂ ಏಳಿಲ್ಲ. ಈಗ್ಯಾಕೆ ಎದರ್ತೀಯ?”

“ಹೆದರ್ಕೊಂಡು ಹೇಳ್ತಿಲ್ಲ. ಎಂಜಿನ್ನಿಂದೇ ಸದ್ದು. ನಿನ್ ಕಿವಿ ಸರಿಯಾಗೇ ಕೇಳಿತ್ತು.”

“ನಾನೇ ಅಂತ ನೀನೇ ಅಂದ್ಯಲ್ಲೋ.”

“ಸುಳ್ಳು ಹೇಳ್ದೆ.”

“ಈಗ?”

ಆ ಪಿನ್ನನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ಜೇಬಿನಿಂದ ತೆಗೆದು ಕೊಟ್ಟೆ. ಎಲ್ಲವನ್ನೂ ಹೇಳಿದೆ—ಅಣಕವಾಡಲು ಉಗಿದದ್ದು, ಜೇಬಿನಲ್ಲಿ ಸಿಕ್ಕಿದ್ದು, ಕೀಲನ್ನು ಅಲ್ಲಾಡದಂತೆ ಹಿಡಿದದ್ದು. ಅವನು ಪಿನ್ನನ್ನು ಬೆಳಕಿಗೆ ಹಿಡಿದು ನೋಡಿದ. “ಇಂತ ಪಿನ್ನು ಎಲ್ಲಾ ಗಾಡೀಗೂ ಆಕ್ತಾರೆ,” ಎಂದು ವಾಪಸು ಕೊಟ್ಟ. “ನೀನು ಒಳ್ಳೇನು ಪುಟ್ಟ. ನಂಗೆ ಬೇಜಾರಾಗ್ದಿರ್ಲಿ ಅಂತ ಏನೇನೋ ಏಳ್ತೀಯ.”

ನೋಡಿ, ನನ್ನ ಗತಿ. ಎಲ್ಲರನ್ನೂ ನಂಬಿಸಿದ ಬಾಯಿ ಇದು. ನಿಜ ಹೇಳಿದರೆ ಕರುಣೆಯಿಂದ ಕಟ್ಟಿದ ಕತೆಯಂತೆ ಕೇಳಿಸಿತು. ಅವನನ್ನು ನಂಬಿಸಲು ಇನ್ನೂ ಚೆನ್ನಾಗಿ ಹೇಳಬೇಕೋ, ಕೆಟ್ಟದಾಗಿ ಹೇಳಬೇಕೋ ತಿಳಿಯಲಿಲ್ಲ. ಕೊನೆಗೆ ಮಾತು ಬಿಟ್ಟು ಎಂಜಿನ್ ಸ್ಟಾರ್ಟ್ ಮಾಡಿದೆ.

ಟಿಕ್ ಟಿಕ್ ಟಿಕ್ ಎಂದು ತೆಳ್ಳಗೆ ಒಂದು ಸದ್ದು.

ಆಂಜಿನಪ್ಪನ ತಲೆ ಥಟ್ಟನೆ ಮೇಲೆದ್ದಿತು. ಅವನು ಎಂಜಿನ್ನನ್ನು ನೋಡಲಿಲ್ಲ. ನನ್ನ ಬಾಯಿಯನ್ನು ನೋಡಿದ.

ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸದ್ದು ಕೇಳಿದೊಡನೆ ಎಲ್ಲಿ ನೋಡಬೇಕೆಂದು ನಾನೇ ಅವನಿಗೆ ಕಲಿಸಿಕೊಟ್ಟಿದ್ದೆ, ಅವನು ಅಲ್ಲಿ ನೋಡಿದ. ನಾನು ತುಟಿ ಬಿಗಿದೆ. ಅದು ಸಾಲದೆನಿಸಿತು. ಎರಡೂ ಕೈಗಳಿಂದ ಬಾಯನ್ನು ಒತ್ತಿ ಮುಚ್ಚಿಕೊಂಡು, ಮೂಗಿನಿಂದ ಜೋರಾಗಿ ಉಸಿರು ಬಿಡುತ್ತಾ ನಿಂತೆ. ಕಬ್ಬಿಣ ಉಸಿರು ತೆಗೆದುಕೊಳ್ಳುವುದಿಲ್ಲ. ನಾನು ತೆಗೆದುಕೊಳ್ಳುತ್ತಿದ್ದೇನೆ, ನೋಡು, ನೋಡೋ.

ಟಿಕ್ ಟಿಕ್ ಟಿಕ್.

ಅವನು ನೋಡಿದ. ನನ್ನ ಕೈಗಳನ್ನು, ಆಮೇಲೆ ಎಂಜಿನ್ನನ್ನು. ಚಪ್ಪರದ ಕೆಳಗಿಂದ ಒಂದು ಹೆಜ್ಜೆ ಮುಂದೆ ಬಂದ. ಕಣ್ಣು ಮುಚ್ಚಿದ.

“ಟ್ಯಾಪೆಟ್ ಸಡ್ಲ ಆಗದೆ,” ಎಂದ, ಯಾರಿಗೋ ಹೇಳುವ ಹಾಗೆ. ತಕ್ಷಣ ಕಣ್ಣು ಬಿಟ್ಟು, “ಅಲ್ವೇನೋ, ನಂಗೇನು ಗೊತ್ತು” ಎಂದು ಬಳ್ಳಿಗಳ ಕಡೆ ಹೊರಟುಬಿಟ್ಟ.

ಟ್ಯಾಪೆಟ್ಟೇ—ವಾಲ್ವನ್ನು ಎತ್ತಿ ಇಳಿಸುವ ಪುಟ್ಟ ಭಾಗ, ಸಡಿಲವಾದರೆ ಹೀಗೇ ಟಿಕ್ ಟಿಕ್ ಎನ್ನುತ್ತದೆ. “ಹೌದು ಕಣೋ, ಸರಿಯಾಗಿ ಹೇಳ್ದೆ!” 

ಕೂಗಿ ಹೇಳಿದೆ. ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಸಿತೋ, ಕೇಳಿಸಿಯೂ ಅದು ಕೂಡ ಸಮಾಧಾನದ ಮಾತು ಎಂದುಕೊಂಡನೋ. ಅವನು ತಿರುಗಲಿಲ್ಲ. ನಾನು ರಿಪೇರಿ ಮುಗಿಸಿದೆ. ಮುಂದಿನ ವಾರ ಮತ್ತೆ ಹೋಗುತ್ತೇನೆ, ಎಂಜಿನ್ ಕೆಟ್ಟಿರಲಿ ಬಿಡಲಿ. ಅದರ ಮುಂದಿನ ವಾರವೂ. ಮಾತಾಡುವುದಿಲ್ಲ, ಸ್ಕ್ರೂಡ್ರೈವರನ್ನು ಅವನ ಕೈಗೆ ಕೊಟ್ಟು ನಿಲ್ಲುತ್ತೇನೆ.

ಆ ಸಂಜೆ ಸೈಕಲ್ಲಿನಲ್ಲಿ ಊರು ತಲುಪಿದಾಗ ಸ್ಟೇಷನ್ನಿನ ಮುಂದೆ ಹಳೆಯ ಗೆಳೆಯರು ಕುಳಿತಿದ್ದರು. ನನ್ನನ್ನು ಕಂಡೊಡನೆ ನಗಲು ಸಿದ್ಧರಾದರು. ಯಾಕೆಂದು ನನಗೆ ಹೊಳೆಯಲಿಲ್ಲ. ಕೈಯ ಕರಿ ಎಣ್ಣೆ ಬಾಯಿಯ ಸುತ್ತ ಮೆತ್ತಿಕೊಂಡು ಎರಡು ಅಂಗೈಯಗಲದ ಮೀಸೆಯಾಗಿತ್ತಂತೆ.

“ಏನ್ ಗುರು, ಇವತ್ತು ಯಾರ್ದು ಈ ವೇಷ?” ಎಂದು ಕೂಗಿದರು.

ನಾನು ಸೈಕಲ್ಲಿನಿಂದ ಇಳಿದೆ.

“ನಂದೇ,” ಎಂದೆ.